ಫ್ರೀಕ್ಯಾಡ್‌ನಲ್ಲಿ ಒಂದು ಅಳತೆ ಬದಲಿಸಿದರೆ ಇಡೀ ಪಾರ್ಟ್ ಕೆಡುತ್ತಿದೆ, ಹೊಸಬರು ಎಲ್ಲಿಂದ ಶುರು ಮಾಡಬೇಕು?

ಹೊಸಗೆರೆ

ಎಲ್ಲರಿಗೂ ನಮಸ್ಕಾರ. ಕ್ಯಾಡ್ (ಕಂಪ್ಯೂಟರ್‌ನಲ್ಲಿ ಪಾರ್ಟ್‌ಗಳ ವಿನ್ಯಾಸ ಮಾಡೋದು) ಕಲಿಯೋಣ ಅಂತ ಇತ್ತೀಚೆಗೆ ಅದರ ಉಚಿತ ಸಾಫ್ಟ್‌ವೇರ್ ಫ್ರೀಕ್ಯಾಡ್ 1.0 ಹಾಕಿಕೊಂಡಿದ್ದೇನೆ. ನಾನು ಎಂಜಿನಿಯರಿಂಗ್ ಓದಿಲ್ಲ. 3ಡಿ ಪ್ರಿಂಟರ್ ಬಳಸಲು ಸಿಗುತ್ತದೆ, ಅದಕ್ಕೆ ಬೇಕಾದ ಚಿಕ್ಕಪುಟ್ಟ ಪಾರ್ಟ್‌ಗಳನ್ನು ನಾನೇ ಮಾಡಿಕೊಳ್ಳಬೇಕು ಅನ್ನೋ ಆಸೆ. ವಿಡಿಯೋ ನೋಡಿಕೊಂಡು ಅವರು ಒತ್ತಿದ್ದನ್ನೇ ಒತ್ತುತ್ತಾ ಹೋದರೆ ಎಲ್ಲ ಸರಿಯಾಗಿ ಬರುತ್ತದೆ. ವಿಡಿಯೋ ಮುಚ್ಚಿ ನನ್ನದೇ ಒಂದು ಪಾರ್ಟ್ ಮಾಡಲು ಕೂತರೆ ಮೊದಲ ಗೆರೆ ಎಲ್ಲಿ ಎಳೆಯಬೇಕು ಅನ್ನೋದೇ ಗೊತ್ತಾಗುವುದಿಲ್ಲ.

ಈಗ ಕೈಯಲ್ಲಿರೋದು ಒಂದು ಸಾದಾ ಎಲ್ ಬ್ರಾಕೆಟ್. ತಳ 60 ಮಿ.ಮೀ. ಉದ್ದ, 40 ಅಗಲ, 5 ದಪ್ಪ. ಎಡ ತುದಿಯಲ್ಲಿ ನೇರ ನಿಲ್ಲುವ ಭಾಗ 50 ಎತ್ತರ, ಅದೂ 5 ದಪ್ಪ. ಎರಡೂ ಕಡೆ ಎಂ5 (5 ಮಿ.ಮೀ. ವ್ಯಾಸದ) ಬೋಲ್ಟ್‌ಗೆ ಎರಡೆರಡು ತೂತು. ಮೊದಲು ತಳಕ್ಕೆ ಒಂದು ಆಯತ ಎಳೆದು ಪ್ಯಾಡ್ ಮಾಡಿದೆ (ಚಪ್ಪಟೆ ಚಿತ್ರಕ್ಕೆ ದಪ್ಪ ಕೊಟ್ಟೆ), ಅದರ ಮೇಲ್ಮುಖದಲ್ಲಿ ಇನ್ನೊಂದು ಆಯತ ಎಳೆದು ಮೇಲಕ್ಕೆ ಪ್ಯಾಡ್ ಮಾಡಿದೆ, ಆಮೇಲೆ ತೂತು, ಕೊನೆಗೆ ಒಳಮೂಲೆಗೆ ಫಿಲೆಟ್, ಅಂದರೆ ದುಂಡನೆಯ ತಿರುವು. ನೋಡಲು ಚೆನ್ನಾಗಿಯೇ ಇತ್ತು. ತಳ 60 ಸಾಲದು, 80 ಬೇಕು ಅನ್ನಿಸಿ ಆ ಒಂದೇ ಸಂಖ್ಯೆ ಬದಲಿಸಿದೆ. ನೇರ ನಿಂತಿದ್ದ ಭಾಗ ತುದಿ ಬಿಟ್ಟು ಒಳಗೆ ಬಂದು ಕೂತಿತು, ಎಲ್ ಇದ್ದದ್ದು ತಲೆಕೆಳಗಾದ ಟಿ ತರಹ ಆಯಿತು. ತೂತುಗಳು ಹಳೇ ಜಾಗದಲ್ಲೇ ಉಳಿದವು. ಫಿಲೆಟ್ ಪಕ್ಕ ಕೆಂಪು ಗುರುತು ಬಂತು.

ನನ್ನ ಪ್ರಶ್ನೆ ಎರಡು. ಸ್ಕೆಚ್‌ನ (ಪಾರ್ಟ್‌ಗೆ ಮೂಲವಾದ ಚಪ್ಪಟೆ ಚಿತ್ರದ) ಗೆರೆಗಳು ಪೂರ್ತಿ ಹಸಿರಾಗಬೇಕು ಅಂತ ಎಲ್ಲರೂ ಹೇಳ್ತಾರೆ, ಆದರೆ ಹಸಿರಾಗದಿದ್ದರೂ ಪ್ಯಾಡ್ ಆಗುತ್ತಲ್ಲ, ಹಾಗಿದ್ದರೆ ಅಷ್ಟು ಕಷ್ಟ ಯಾಕೆ? ಎರಡನೇದು, ನಾನು ಬೇರೆ ಸಾಫ್ಟ್‌ವೇರ್‌ನಿಂದ ಶುರು ಮಾಡಬೇಕಿತ್ತಾ?

---

ಮೂರನೇ ಕೋನ

ನಿಮ್ಮ ಬ್ರಾಕೆಟ್ ಯಾಕೆ ಟಿ ಆಯಿತು ಅನ್ನೋದಕ್ಕೂ ಹಸಿರು ಗೆರೆಗೂ ನೇರ ಸಂಬಂಧ ಇದೆ, ಅದನ್ನೇ ಮೊದಲು ಹೇಳ್ತೀನಿ.

ಹೊಸ ಸ್ಕೆಚ್ ತೆಗೆದು ಒಂದು ಆಯತ ಎಳೆಯಿರಿ. ಗೆರೆಗಳು ಅಡ್ಡ, ನೇರ ಅನ್ನೋದನ್ನೂ ನಾಲ್ಕು ಮೂಲೆ ಒಂದಕ್ಕೊಂದು ಅಂಟಿರಬೇಕು ಅನ್ನೋದನ್ನೂ ಫ್ರೀಕ್ಯಾಡ್ ತಾನೇ ಹಾಕಿಕೊಳ್ಳುತ್ತದೆ. ಪಕ್ಕದ ಫಲಕದಲ್ಲಿ ಇನ್ನೂ 4 ಡಿಗ್ರಿ ಆಫ್ ಫ್ರೀಡಂ ಬಾಕಿ ಇದೆ ಅಂತ ತೋರಿಸುತ್ತದೆ. ಆ ನಾಲ್ಕು ಯಾವುವು? ಉದ್ದ, ಅಗಲ, ಎಡಬಲಕ್ಕೆ ಆಯತ ಎಲ್ಲಿದೆ, ಮೇಲೆಕೆಳಗೆ ಎಲ್ಲಿದೆ. ನೀವು 60 ಮತ್ತು 40 ಕೊಟ್ಟಿರಿ, ಎರಡು ಮುಗಿಯಿತು. ಇನ್ನೆರಡು ಹಾಗೇ ಉಳಿಯಿತು. ಅಂದರೆ ಆಯತ ಎಷ್ಟು ದೊಡ್ಡದು ಅಂತ ಹೇಳಿದ್ದೀರಿ, ಎಲ್ಲಿದೆ ಅಂತ ಹೇಳಿಲ್ಲ. 60ನ್ನು 80 ಮಾಡಿದಾಗ ಆ ಹೆಚ್ಚಿನ 20 ಯಾವ ಕಡೆ ಬೆಳೆಯಬೇಕು ಅಂತ ಸಾಫ್ಟ್‌ವೇರ್‌ಗೆ ಯಾರೂ ಹೇಳಿರಲಿಲ್ಲ, ಅದು ಎಡಕ್ಕೆ ಬೆಳೆಸಿತು. ಮೇಲಿನ ಸ್ಕೆಚ್ ತನ್ನ ಜಾಗದಲ್ಲೇ ನಿಂತಿತ್ತು, ಹಾಗಾಗಿ ತುದಿಯಲ್ಲಿದ್ದ ಭಾಗ 20 ಮಿ.ಮೀ. ಒಳಗೆ ಬಂದಂತಾಯಿತು. ಫಿಲೆಟ್ ಹಿಡಿದುಕೊಂಡಿದ್ದ ಅಂಚಿನ ಸುತ್ತಲಿನ ಆಕಾರವೇ ಬದಲಾದ ಮೇಲೆ ಅದು ಕೆಂಪಾಗೋದು ಸಹಜ.

ಹಸಿರು ಬಣ್ಣ ಅಂದರೆ ಇಷ್ಟೇ: ಈ ಸ್ಕೆಚ್‌ನಲ್ಲಿ ಊಹೆಗೆ ಬಿಟ್ಟದ್ದು ಏನೂ ಉಳಿದಿಲ್ಲ. ಪ್ಯಾಡ್ ಆಗೋಕೆ ಹಸಿರು ಬೇಕಿಲ್ಲ, ಅದು ನಿಜ. ನಾಳೆ ಒಂದು ಅಳತೆ ಬದಲಿಸೋಕೆ ಬೇಕು.

ಆಯತವನ್ನು ಜಾಗದಲ್ಲಿ ನಿಲ್ಲಿಸಲು ಸುಲಭ ದಾರಿ ಒರಿಜಿನ್ (ಸ್ಕೆಚ್‌ನ ಅಕ್ಷಗಳು ಸೇರುವ ಸೊನ್ನೆ ಬಿಂದು) ಬಳಸೋದು. ಎದುರುಬದುರಿನ ಎರಡು ಮೂಲೆ ಆರಿಸಿ, ಆಮೇಲೆ ಒರಿಜಿನ್ ಬಿಂದು ಆರಿಸಿ, ಸಿಮೆಟ್ರಿ ಕನ್‌ಸ್ಟ್ರೇಂಟ್ (ಎರಡೂ ಮೂಲೆ ಒರಿಜಿನ್‌ನ ಎರಡು ಬದಿಗೆ ಸಮದೂರ ಇರಬೇಕು ಅನ್ನೋ ನಿಯಮ) ಕೊಡಿ. 4 ಇದ್ದದ್ದು 2 ಆಗುತ್ತದೆ. ಉದ್ದ, ಅಗಲ ಕೊಟ್ಟರೆ ಹಸಿರು. ಈಗ ಉದ್ದ ಬದಲಿಸಿದರೆ ಎರಡೂ ಕಡೆ ಸಮವಾಗಿ ಬೆಳೆಯುತ್ತದೆ. ಒಂದೇ ಕಡೆ ಬೆಳೆಯಬೇಕಾ? ಹಾಗಾದರೆ ಸಿಮೆಟ್ರಿ ಬಿಡಿ, ಒಂದು ಮೂಲೆಯನ್ನು ಒರಿಜಿನ್‌ಗೆ ಅಂಟಿಸಿ. ಯಾವುದು ಸರಿ ಅನ್ನೋದು ಪಾರ್ಟ್ ನೋಡಿ ನೀವು ತೀರ್ಮಾನ ಮಾಡಬೇಕು, ಸಾಫ್ಟ್‌ವೇರ್ ಹೇಳಲ್ಲ.

ತೂತಿನದೂ ಇದೇ ಕತೆ. ತುದಿಯಿಂದ 15 ಮಿ.ಮೀ. ಒಳಗೆ ಇರಬೇಕಾ, ಮೂಲೆಯಿಂದ 45 ದೂರದಲ್ಲಿ ಇರಬೇಕಾ? ಉದ್ದ 60 ಇರುವಾಗ ಎರಡೂ ಒಂದೇ ಜಾಗ, ಪರದೆ ನೋಡಿ ಹೇಳೋಕೆ ಆಗಲ್ಲ. 80 ಆದಾಗ ಒಂದು 65ಕ್ಕೆ ಹೋಗುತ್ತದೆ, ಇನ್ನೊಂದು 45ರಲ್ಲೇ ಉಳಿಯುತ್ತದೆ. ಬ್ರಾಕೆಟ್ ಕೂರುವ ಹಲಗೆಯಲ್ಲಿ ಮೊದಲೇ ತೂತು ಕೊರೆದಿದ್ದರೆ 45 ಸರಿ. ನೀವೇ ಹೊಸದಾಗಿ ಕೊರೆಯುವವರಾದರೆ ತುದಿಯಿಂದ ಅಳೆಯೋದು ಸರಿ. ಸ್ಕೆಚ್ ತೆರೆಯುವ ಮುಂಚೆ ಕಾಗದದ ಮೇಲೆ ಪಾರ್ಟ್‌ನ ಚಿತ್ರ ಬರೆದು, ಪ್ರತಿ ಅಳತೆಯ ಬಾಣ ಎಲ್ಲಿಂದ ಎಲ್ಲಿಗೆ ಅಂತ ಗುರುತು ಹಾಕಿಕೊಳ್ಳಿ. "ಮೊದಲ ಗೆರೆ ಎಲ್ಲಿ ಎಳೆಯಬೇಕು" ಅಂದಿರಲ್ಲ, ಹೆಚ್ಚು ಬಾಣಗಳು ಯಾವ ಮೂಲೆಯಿಂದ ಹೊರಡುತ್ತವೋ ಆ ಮೂಲೆ ಒರಿಜಿನ್ ಮೇಲೆ ಬರಬೇಕು, ಅಲ್ಲಿಂದ ಶುರು.

---

ಚಾಂಫರ್

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಈ ಪಾರ್ಟ್‌ಗೆ ನಾನಾದರೆ ಎರಡು ಆಯತ ಎಳೆಯೋದೇ ಇಲ್ಲ. ಬ್ರಾಕೆಟ್ ಅನ್ನು ಪಕ್ಕದಿಂದ ನೋಡಿ. ಎಲ್ ಕಾಣುತ್ತಲ್ವಾ? ಆ ಎಲ್ ಅನ್ನೇ ಒಂದು ಸ್ಕೆಚ್‌ನಲ್ಲಿ ಬಿಡಿಸಿ, 40 ಮಿ.ಮೀ. ಪ್ಯಾಡ್ ಮಾಡಿ, ಪ್ಯಾಡ್ ಮಾಡುವಾಗ ಎರಡೂ ಕಡೆ ಸಮನಾಗಿ ಹೋಗುವ ಆಯ್ಕೆ ಒತ್ತಿ. ಪಾರ್ಟ್‌ನ ಮುಖ್ಯ ಆಕಾರ ಒಂದೇ ಏಟಿಗೆ ಬಂತು. ನೇರ ಭಾಗ ತುದಿ ಬಿಟ್ಟು ಓಡಿಹೋಗುವ ಪ್ರಶ್ನೆಯೇ ಬರಲ್ಲ, ಯಾಕಂದ್ರೆ ಅದು ಬೇರೆ ಸ್ಕೆಚ್‌ನಲ್ಲಿಲ್ಲ.

ಎಲ್‌ಗೆ ಆರು ಗೆರೆ. ಎಲ್ಲ ಅಡ್ಡ ಅಥವಾ ನೇರ, ಮೂಲೆಗಳು ಕೂಡಿವೆ ಅಂದರೆ ಬಾಕಿ ಉಳಿಯೋದು 6. ಹೊರಮೂಲೆಯನ್ನು ಒರಿಜಿನ್‌ಗೆ ಅಂಟಿಸಿದರೆ 4. ಎರಡೂ ತುದಿಯ ಗಿಡ್ಡ ಗೆರೆಗಳಿಗೆ ಈಕ್ವಲ್ (ಉದ್ದ ಒಂದೇ ಅನ್ನೋ ನಿಯಮ) ಕೊಡಿ, 3. ಆಮೇಲೆ ಉದ್ದ 60, ಎತ್ತರ 50, ದಪ್ಪ 5. ಮುಗೀತು, ಹಸಿರು. ದಪ್ಪ ಅನ್ನೋ ಸಂಖ್ಯೆ ಇಡೀ ಪಾರ್ಟ್‌ನಲ್ಲಿ ಒಂದೇ ಕಡೆ ಇದೆ ನೋಡಿ. ನಾಳೆ 6 ಬೇಕಾದರೆ ಒಂದೇ ಕಡೆ ಬದಲಿಸಿದರೆ ಸಾಕು. ಒಂದೇ ವಿಷಯವನ್ನು ಎರಡು ಕಡೆ ಹೇಳಬಾರದು ಅನ್ನೋದು ನನಗೆ ಕ್ಯಾಡ್‌ನಲ್ಲಿ ತುಂಬಾ ಇಷ್ಟವಾದ ಶಿಸ್ತು.

ತೂತುಗಳಿಗೆ ಬೇರೆ ಸ್ಕೆಚ್ ತೆಗೆಯಿರಿ. ಅದನ್ನು ಪಾರ್ಟ್‌ನ ಮುಖದ ಮೇಲೆ ಕೂರಿಸುವ ಬದಲು ಒರಿಜಿನ್‌ನ ಸಮತಲದ ಮೇಲೆ ಕೂರಿಸಿ, ತಳದ ಅಡಿ ಹೇಗೂ ಅದೇ ಸಮತಲದಲ್ಲಿದೆ. ಹಳೇ ಫ್ರೀಕ್ಯಾಡ್‌ನಲ್ಲಿ ಮುಖದ ಮೇಲೆ ಸ್ಕೆಚ್ ಇಟ್ಟರೆ ಆಮೇಲೆ ಏನಾದರೂ ಬದಲಿಸಿದಾಗ ಮುಖಗಳ ನಂಬರ್ ಅದಲುಬದಲಾಗಿ ಸ್ಕೆಚ್ ಬೇರೆ ಮುಖಕ್ಕೆ ಹಾರುತ್ತಿತ್ತು. 1.0ರಲ್ಲಿ ಆ ಕಾಟ ಬಹಳಷ್ಟು ಕಡಿಮೆ ಆಗಿದೆ, ಆದರೂ ಸಮತಲ ಅಲುಗಾಡಲ್ಲ, ಅದೇ ಗಟ್ಟಿ. ತೂತು ಕೊರೆಯುವ ಪಾಕೆಟ್‌ಗೆ ಆಳ 5 ಅಂತ ಬರೆಯಬೇಡಿ, ಪೂರ್ತಿ ಆಚೆಗೆ ಹೋಗುವ ಥ್ರೂ ಆಲ್ ಕೊಡಿ. 5 ಅಂತ ಬರೆದು ನಾಳೆ ದಪ್ಪ 8 ಮಾಡಿದರೆ ತೂತು ಅರ್ಧಕ್ಕೇ ನಿಲ್ಲುತ್ತದೆ. ಕೊರೆತ ಉಲ್ಟಾ ದಿಕ್ಕಿಗೆ ಹೋದರೆ ರಿವರ್ಸ್ಡ್ ಟಿಕ್ ಮಾಡಿ.

ಫಿಲೆಟ್ ವಿಷಯ. ಅಂಚುಗಳ ನುಣುಪಿಗೆ ಹಾಕುವ ಫಿಲೆಟ್ ಎಲ್ಲದಕ್ಕಿಂತ ಕೊನೆಗೆ ಬರಲಿ. 5 ಮಿ.ಮೀ. ದಪ್ಪದ ಪ್ಲೇಟ್‌ನ ಮೇಲಂಚು ಕೆಳಂಚು ಎರಡಕ್ಕೂ 2.5 ಫಿಲೆಟ್ ಕೊಟ್ಟರೆ ಮಧ್ಯದ ಚಪ್ಪಟೆ ಮುಖಕ್ಕೆ ಜಾಗವೇ ಉಳಿಯಲ್ಲ, ಅಂಥ ಕಡೆ ಫಿಲೆಟ್ ಸೋಲಬಹುದು. 2.4 ಕೊಟ್ಟು ನೋಡಿ. ಒಳಮೂಲೆಯದು ಬೇರೆ ಮಾತು, ಅದು ಬ್ರಾಕೆಟ್ ಬಾಗದಂತೆ, ಮೂಲೆಯಲ್ಲಿ ಬಿರುಕು ಬಿಡದಂತೆ ತಡೆಯೋ ಜಾಗ. ಅದನ್ನು ನಾನು ಎಲ್ ಸ್ಕೆಚ್‌ನಲ್ಲೇ ಹಾಕ್ತೀನಿ. ಒಳಗೆ 3 ಕೊಟ್ಟರೆ ಹೊರಗೆ 8 ಕೊಡಿ, ಆಗ ತಿರುವಿನಲ್ಲೂ ದಪ್ಪ 5 ಆಗಿಯೇ ಇರುತ್ತದೆ. ಹೊರಗೂ 3 ಕೊಡೋದು ತುಂಬಾ ಮಂದಿ ಮಾಡ್ತಾರೆ, ಪ್ರಿಂಟ್‌ಗೆ ಅಡ್ಡಿಯಿಲ್ಲ, ಶೀಟ್ ಬಗ್ಗಿಸಿ ಮಾಡುವ ಪಾರ್ಟ್ ಆದರೆ ಅದು ತಪ್ಪು ಡ್ರಾಯಿಂಗ್.

---

ಪ್ರಿಂಟ್ ಬೆಡ್

ಸಾಫ್ಟ್‌ವೇರ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಚಿಕ್ಕದಾಗಿ ಹೇಳಿಬಿಡ್ತೀನಿ. ಫ್ರೀಕ್ಯಾಡ್ ಬಿಡಬೇಡಿ. ಟಿಂಕರ್‌ಕ್ಯಾಡ್ ಸುಲಭ, ಬ್ರೌಸರ್‌ನಲ್ಲೇ ಡಬ್ಬಿ, ಕೊಳವೆ ಎಳೆದು ಜೋಡಿಸಬಹುದು, ಮಕ್ಕಳಿಗೆ ತುಂಬಾ ಒಳ್ಳೇದು. ಆದರೆ ನಿಮಗೆ ಬಂದಿರುವ ಪ್ರಶ್ನೆಗಳು ಅಲ್ಲಿ ಹುಟ್ಟೋದೇ ಇಲ್ಲ, ಹಾಗಾಗಿ ಅಲ್ಲಿ ಉತ್ತರವೂ ಸಿಗಲ್ಲ. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ನೀವು ಮಾಡಿದ್ದು ಎಲ್ಲರಿಗೂ ಕಾಣುತ್ತದೆ. ಫ್ಯೂಷನ್‌ನ ವೈಯಕ್ತಿಕ ಬಳಕೆಯ ಲೈಸೆನ್ಸ್‌ನಲ್ಲಿ ಒಂದು ಸಲಕ್ಕೆ ತಿದ್ದಲು ತೆರೆದಿಡಬಹುದಾದ ಡಾಕ್ಯುಮೆಂಟ್‌ಗಳಿಗೆ 10ರ ಮಿತಿ ಇದೆ. ಎರಡೂ ಒಳ್ಳೆಯವೇ. ಕಲಿಯುವ ವಿದ್ಯೆ ಮಾತ್ರ ಎಲ್ಲ ಕಡೆ ಒಂದೇ: ಸ್ಕೆಚ್, ಅದಕ್ಕೆ ಕನ್‌ಸ್ಟ್ರೇಂಟ್, ಆಮೇಲೆ ಅದನ್ನು ಎಬ್ಬಿಸೋದು ಅಥವಾ ಕೊರೆಯೋದು. ಇಲ್ಲಿ ಹಸಿರು ಅನ್ನೋದು ಸಾಲಿಡ್‌ವರ್ಕ್ಸ್, ಫ್ಯೂಷನ್‌ನಲ್ಲಿ ನೀಲಿ ಗೆರೆ ಕಪ್ಪಾಗೋದು, ಅಷ್ಟೇ ವ್ಯತ್ಯಾಸ.

ಈ ಕನ್‌ಸ್ಟ್ರೇಂಟ್ ಅನ್ನೋದು ಹೊಸ ಫ್ಯಾಷನ್ ಏನಲ್ಲ. 1963ರಲ್ಲಿ ಐವಾನ್ ಸದರ್ಲೆಂಡ್ ಎಂಐಟಿಯಲ್ಲಿ ತಮ್ಮ ಪಿಎಚ್‌ಡಿಗೆ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಅದಿತ್ತು. ಲೈಟ್ ಪೆನ್‌ನಲ್ಲಿ ಒರಟಾಗಿ ಗೆರೆ ಎಳೆದು, ಇವೆರಡು ಸಮಾನಾಂತರ ಇರಬೇಕು, ಇವೆರಡರ ಉದ್ದ ಒಂದೇ ಇರಬೇಕು ಅಂದರೆ ಕಂಪ್ಯೂಟರ್ ತಾನೇ ಸರಿಪಡಿಸಿಕೊಳ್ಳುತ್ತಿತ್ತು. ಗೆರೆ ನೆಟ್ಟಗೆ ಎಳೆಯೋದು ನಮ್ಮ ಕೆಲಸ ಅಲ್ಲ, ಗೆರೆ ಹೇಗಿರಬೇಕು ಅಂತ ಹೇಳೋದು ನಮ್ಮ ಕೆಲಸ ಅನ್ನೋ ಆಲೋಚನೆ ಆಗಲೇ ಬಂದಿತ್ತು. ಅದು ಗೊತ್ತಾದ ಮೇಲೆ ನಾನು ಸ್ಕೆಚ್‌ನಲ್ಲಿ ಅಳತೆ ನೋಡಿಕೊಂಡು ಎಳೆಯೋದನ್ನೇ ಬಿಟ್ಟೆ. ಸುಮ್ನೆ ಸೊಟ್ಟಗೆ ಎಳೆದುಬಿಡಿ, ಆಮೇಲೆ ಹೇಳಿ.

ವಿಡಿಯೋ ನೋಡುವಾಗ ಒಂದು ಎಚ್ಚರ ಇರಲಿ. 1.0 ಬಂದದ್ದು 2024ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ವಿಡಿಯೋಗಳಲ್ಲಿ ಕೆಲವು ಬಟನ್ ಬೇರೆ ಕಡೆ ಇರುತ್ತವೆ.

ಇನ್ನು ಪ್ರಿಂಟ್‌ಗೆ ಸಂಬಂಧಪಟ್ಟದ್ದು. ಎಂ5 ಬೋಲ್ಟ್‌ಗೆ ತೂತು 5 ಇಡಬೇಡಿ. ಬೋಲ್ಟ್ ಸಲೀಸಾಗಿ ತೂರಬೇಕಾದರೆ ಸಾಮಾನ್ಯ ಅಳತೆ 5.5. ಎಂ4ಗೆ 4.5, ಎಂ3ಗೆ 3.4. ಲೋಹದಲ್ಲಿ ಥ್ರೆಡ್ ಹೊಡೆಯಬೇಕಾದರೆ ಮಾತ್ರ ಎಂ5ಗೆ 4.2 ಡ್ರಿಲ್. ಪ್ರಿಂಟ್ ಮಾಡಿದ ತೂತು ಸಾಮಾನ್ಯವಾಗಿ ಮಾಡೆಲ್‌ಗಿಂತ ಸ್ವಲ್ಪ ಚಿಕ್ಕದಾಗಿ ಬರುತ್ತದೆ, ಎಷ್ಟು ಚಿಕ್ಕದು ಅನ್ನೋದು ಪ್ರಿಂಟರ್‌ನಿಂದ ಪ್ರಿಂಟರ್‌ಗೆ ಬೇರೆ. ಒಂದು ತೆಳು ಪಟ್ಟಿಯಲ್ಲಿ 5.2ರಿಂದ 5.8ರವರೆಗೆ ಬೇರೆ ಬೇರೆ ತೂತು ಇಟ್ಟು ಮೊದಲು ಅದನ್ನೇ ಪ್ರಿಂಟ್ ಮಾಡಿ ಬೋಲ್ಟ್ ತೂರಿಸಿ ನೋಡಿ. ಎಸ್‌ಟಿಎಲ್ ಫೈಲ್ ಅಂದರೆ ಬರೀ ತ್ರಿಕೋನಗಳು, ಅದರಲ್ಲಿ ಮಿ.ಮೀ.ನಾ ಇಂಚಾ ಅನ್ನೋದೂ ಇರಲ್ಲ. ಅದನ್ನು ಪ್ರಿಂಟ್‌ಗೆ ಮಾತ್ರ ಬಳಸಿ. ಯಾರಿಗಾದರೂ ಪಾರ್ಟ್ ಕೊಡಬೇಕಾದರೆ ಸ್ಟೆಪ್ ಫೈಲ್ ಕೊಡಿ, ಅದರಲ್ಲಿ ವೃತ್ತ ವೃತ್ತವಾಗಿಯೇ ಉಳಿಯುತ್ತದೆ.

---

ಹೊಸಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಚಾಂಫರ್ ಅವರು ಹೇಳಿದಂತೆ ಪಕ್ಕದಿಂದ ಎಲ್ ಎಳೆದು ಶುರು ಮಾಡಿದೆ. ಆರು ಗೆರೆ ಎಳೆದಿದ್ದೇನೆ, ಆದರೆ ಪ್ಯಾಡ್ ಒತ್ತಿದರೆ ಆಗುತ್ತಿಲ್ಲ, ಆಕಾರ ಮುಚ್ಚಿಲ್ಲ ಅನ್ನೋ ಅರ್ಥದ ಎರರ್ ಬರುತ್ತಿದೆ. ಎಷ್ಟು ಝೂಮ್ ಮಾಡಿದರೂ ಎಲ್ಲ ಮೂಲೆಗಳೂ ಕೂಡಿದಂತೆಯೇ ಕಾಣುತ್ತವೆ. ಬಾಕಿ 6 ಬರಬೇಕಿತ್ತು, ನನಗೆ 8 ಅಂತ ತೋರಿಸುತ್ತಿದೆ.

ಇನ್ನೊಂದು, ತೂತನ್ನು ಎರಡೂ ತುದಿಯಿಂದ 15 ಇಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಆದರೆ ತೂತಿನ ಸ್ಕೆಚ್‌ನಲ್ಲಿ ತಳದ ಆ ತುದಿಯ ಗೆರೆಯೇ ಇಲ್ಲವಲ್ಲ, 15ನ್ನು ಯಾವುದರಿಂದ ಅಳೆಯಲಿ?

---

ಮೂರನೇ ಕೋನ

8 ಅಂತ ಬರೆದದ್ದು ಒಳ್ಳೇದಾಯಿತು, ಉತ್ತರ ಅದರಲ್ಲೇ ಇದೆ. ಎರಡು ಹೆಚ್ಚಿಗೆ ಅಂದರೆ ಒಂದು ಬಿಂದು ಬಿಡುಬೀಸಾಗಿದೆ ಅಂತ ಅರ್ಥ. ಬಿಂದು ಎಡಬಲ ಹೋಗಬಹುದು, ಮೇಲೆಕೆಳಗೆ ಹೋಗಬಹುದು, ಆ ಎರಡು. ಎಲ್ಲೋ ಒಂದು ಮೂಲೆಯಲ್ಲಿ ಎರಡು ಗೆರೆಯ ತುದಿಗಳು ಒಂದರ ಮೇಲೊಂದು ಕೂತಿವೆ, ಆದರೆ ಅಂಟಿಲ್ಲ. ಝೂಮ್ ಮಾಡಿದರೆ ಕಾಣಲ್ಲ. ಪ್ರತಿ ಮೂಲೆಯನ್ನು ಮೌಸ್‌ನಲ್ಲಿ ಹಿಡಿದು ಎಳೆದು ನೋಡಿ, ಅಂಟಿದ್ದರೆ ಎರಡೂ ಗೆರೆ ಜೊತೆಗೆ ಬರುತ್ತವೆ, ಇಲ್ಲದಿದ್ದರೆ ಒಂದೇ ಕಿತ್ತುಕೊಂಡು ಬರುತ್ತದೆ. ಸಿಕ್ಕ ಮೂಲೆಯ ಸುತ್ತ ಮೌಸ್‌ನಲ್ಲಿ ಚಿಕ್ಕ ಚೌಕ ಎಳೆದು ಎರಡೂ ಬಿಂದು ಆರಿಸಿ, ಅವನ್ನು ಅಂಟಿಸುವ ಕೋಇನ್ಸಿಡೆಂಟ್ ಒತ್ತಿ. ಗೆರೆ ಜಾಸ್ತಿ ಇರುವ ಸ್ಕೆಚ್ ಆದರೆ ವ್ಯಾಲಿಡೇಟ್ ಸ್ಕೆಚ್ ಅನ್ನೋ ಉಪಕರಣ ಇದೆ, ಕೂಡದ ಮೂಲೆಗಳನ್ನು ಅದೇ ಹುಡುಕಿ ಕೊಡುತ್ತದೆ.

15ರ ಪ್ರಶ್ನೆಗೆ ಎರಡು ದಾರಿ. ಎಕ್ಸ್‌ಟರ್ನಲ್ ಜ್ಯಾಮಿಟ್ರಿ ಬಳಸಿ ತಳದ ತುದಿಯ ಅಂಚನ್ನು ಈ ಸ್ಕೆಚ್‌ಗೆ ಎಳೆದುಕೊಂಡು ಅದರಿಂದ ಅಳೆಯಬಹುದು. ನನಗೆ ಇಷ್ಟ ಆಗೋದು ಎರಡನೇದು. ಎಲ್ ಸ್ಕೆಚ್‌ನಲ್ಲಿ 60 ಅನ್ನೋ ಅಳತೆಗೆ ಒಂದು ಹೆಸರು ಕೊಡಿ, ಉದ್ದ ಅಂತಲೋ ಏನೋ. ತೂತಿನ ಸ್ಕೆಚ್‌ನಲ್ಲಿ ಒರಿಜಿನ್‌ನಿಂದ ದೂರದ ತೂತಿನ ಸೆಂಟರ್‌ಗೆ ಅಳತೆ ಹಾಕುವಾಗ ಆ ಡಬ್ಬಿಯಲ್ಲಿ ಕಾಣುವ ನೀಲಿ ಎಫ್‌ಎಕ್ಸ್ ಗುರುತು ಒತ್ತಿ, ಸಂಖ್ಯೆ ಬದಲು "ಉದ್ದ ಕಳೆಯಿರಿ 15" ಅನ್ನೋ ಲೆಕ್ಕ ಬರೆಯಿರಿ. ಕಾಗದದ ಮೇಲೆ ಎಳೆದ ಬಾಣ ಏನು ಹೇಳುತ್ತಿತ್ತೋ ಅದನ್ನೇ ಈಗ ಮಾಡೆಲ್ ಹೇಳುತ್ತದೆ.

ಮೂಲೆಯ ಕಡೆಯ ತೂತಿಗೆ 15 ಸಾಕಾ ಅಂತಲೂ ನೋಡಿಕೊಳ್ಳಿ. ನೇರ ಭಾಗದ ದಪ್ಪ 5, ಒಳಮೂಲೆಯ ತಿರುವು 3, ಅಲ್ಲಿಗೇ 8 ಆಯಿತು. ಎಂ5 ವಾಷರ್ ಸಾಮಾನ್ಯವಾಗಿ 10 ಮಿ.ಮೀ. ಅಗಲ, ಸೆಂಟರ್‌ನಿಂದ ಅರ್ಧ 5. ಅಂದರೆ 13ಕ್ಕಿಂತ ಹತ್ತಿರ ಬಂದರೆ ವಾಷರ್ ತಿರುವಿನ ಮೇಲೆ ಹತ್ತಿ ವಾರೆಯಾಗಿ ಕೂರುತ್ತದೆ. 15 ಆದರೆ ಪರವಾಗಿಲ್ಲ. ಸ್ಪ್ಯಾನರ್ ಅಥವಾ ಸಾಕೆಟ್ ತಿರುಗಲು ಜಾಗ ಬೇಕಾದರೆ ಇನ್ನೂ ಆಚೆ ಇಡಿ.

---

ವರ್ನಿಯರ್

ತಡವಾಗಿ ಬಂದೆ, ಆದರೆ ಒಂದು ಮಾತು ಸೇರಿಸಲೇಬೇಕು. ಕಾಲ್ಪನಿಕ ಪಾರ್ಟ್‌ಗಳಿಗಿಂತ ಕೈಯಲ್ಲಿ ಹಿಡಿದು ಅಳೆಯಬಹುದಾದ ವಸ್ತುಗಳನ್ನು ಮಾಡೆಲ್ ಮಾಡಿ. ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು. ಬ್ರಾಕೆಟ್ ಆದ ಮೇಲೆ ಒಂದು ನಾಬ್ ತಗೊಳ್ಳಿ, ಅದರ ಅರ್ಧ ಸೀಳನ್ನು ಎಳೆದು ಅಕ್ಷದ ಸುತ್ತ ತಿರುಗಿಸುವ ರೆವಲ್ಯೂಷನ್ ಕಲಿಯುತ್ತೀರಿ. ಆಮೇಲೆ ಮುಚ್ಚಳ ಇರುವ ಒಂದು ಡಬ್ಬಿ, ಅಲ್ಲಿ ಎರಡು ಪಾರ್ಟ್ ಒಂದಕ್ಕೊಂದು ಎಷ್ಟು ಸಡಿಲ ಇರಬೇಕು ಅನ್ನೋದು ಬರುತ್ತದೆ.

ಎರಡು ತೂತಿನ ಸೆಂಟರ್‌ಗಳ ದೂರ ಅಳೆಯೋದು ಹೇಗೆ ಅಂತ ಹೊಸಬರು ತುಂಬಾ ಒದ್ದಾಡ್ತಾರೆ, ಯಾಕಂದ್ರೆ ಸೆಂಟರ್‌ನಲ್ಲಿ ಹಿಡಿಯೋಕೆ ಏನೂ ಇಲ್ಲ. ಕ್ಯಾಲಿಪರ್‌ನ ಒಳ ಅಳೆಯುವ ಚಿಕ್ಕ ದವಡೆಗಳನ್ನು ಎರಡೂ ತೂತಿಗೆ ಇಳಿಸಿ ಹೊರಕ್ಕೆ ತೆರೆಯಿರಿ, ದೂರದ ಅಂಚಿನಿಂದ ದೂರದ ಅಂಚಿಗೆ ಎಷ್ಟು ಅಂತ ಸಿಗುತ್ತದೆ, 35.5 ಅಂದುಕೊಳ್ಳಿ. ಆಮೇಲೆ ದೊಡ್ಡ ದವಡೆಗಳಿಂದ ನಡುವಿನ ಗೋಡೆಯನ್ನು ಹಿಡಿದು ಹತ್ತಿರದ ಅಂಚುಗಳ ನಡುವೆ ಅಳೆಯಿರಿ, 24.5 ಬಂತು ಅಂದುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿ, 30. ತೂತಿನ ವ್ಯಾಸ ಲೆಕ್ಕದಲ್ಲಿ ಹೊಡೆದುಹೋಗುತ್ತದೆ. ಚಿಕ್ಕ ತೂತಿನ ವ್ಯಾಸವನ್ನೇ ನೇರವಾಗಿ ಅಳೆದರೆ ದವಡೆಯ ತುದಿ ಚಪ್ಪಟೆ ಇರೋದರಿಂದ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದಕ್ಕೇ ಈ ದಾರಿ ನನಗೆ ಇಷ್ಟ.

ಪ್ರತಿ ಪಾರ್ಟ್ ಮುಗಿದ ಮೇಲೆ ಮುಖ್ಯ ಅಳತೆಗಳನ್ನು ಒಂದೊಂದಾಗಿ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಏನಾಗುತ್ತದೆ ನೋಡಿ. ಇದನ್ನು ಪ್ರಿಂಟ್‌ಗೆ ಕಳಿಸುವ ಮುಂಚೆ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಹೆಸರು ಕೊಡೋದನ್ನೂ ಬಿಡಬೇಡಿ, ಪಾಕೆಟ್001, ಪಾಕೆಟ್002 ಅಂತ ಬಿಟ್ಟರೆ ತಿಂಗಳಾದ ಮೇಲೆ ಯಾವುದು ಏನು ಅಂತ ನಿಮಗೇ ತಿಳಿಯಲ್ಲ. ತಳದ ತೂತು, ನೇರ ಭಾಗದ ತೂತು ಅಂತ ಬರೆದಿಡಿ.

---

ಹೊಸಗೆರೆ

ಆಯಿತು! ಒಳಮೂಲೆಯಲ್ಲೇ ಒಂದು ಬಿಂದು ಅಂಟಿರಲಿಲ್ಲ, ಎಳೆದ ತಕ್ಷಣ ಕಿತ್ತು ಬಂತು. ಕೋಇನ್ಸಿಡೆಂಟ್ ಕೊಟ್ಟೆ, 6 ಆಯಿತು, ಉಳಿದದ್ದನ್ನೂ ಕೊಟ್ಟು ಹಸಿರು ಮಾಡಿ ಪ್ಯಾಡ್ ಮಾಡಿದೆ. ದೂರದ ತೂತಿಗೆ ಉದ್ದ ಕಳೆಯಿರಿ 15 ಅಂತ ಬರೆದೆ. 60ನ್ನು 80 ಮಾಡಿದರೆ ತೂತು ತಾನೇ 65ಕ್ಕೆ ಹೋಯಿತು, ನೇರ ಭಾಗ ಮೂಲೆ ಬಿಟ್ಟು ಅಲುಗಲಿಲ್ಲ. ದಪ್ಪ 5ರಿಂದ 8 ಮಾಡಿದೆ, ತೂತು ಆಚೆಯವರೆಗೂ ಹೋಗಿದೆ. ಆಗ ಮೂರನೇ ಕೋನ ಅವರ ಲೆಕ್ಕ ಹಾಕಿ ನೋಡಿದೆ, 8 ದಪ್ಪಕ್ಕೆ ತಿರುವು 3 ಸೇರಿ 11, ವಾಷರ್‌ನ ಅರ್ಧ 5 ಸೇರಿ 16. ಅಂದರೆ ದಪ್ಪ ಹೆಚ್ಚಿಸಿದರೆ ನನ್ನ 15 ಸಾಲಲ್ಲ. ಹಾಗಾಗಿ ಮೂಲೆಯ ಕಡೆಯ ತೂತಿನ ಆ 15ರ ಜಾಗದಲ್ಲೂ ಈಗ ದಪ್ಪ ಕೂಡಿಸು 10 ಅಂತ ಬರೆದಿದ್ದೇನೆ.

ವರ್ನಿಯರ್ ಅವರು ಹೇಳಿದಂತೆ ಚಿಕ್ಕದೂ ಮಾಡಿ ನೋಡಿದೆ. ದಪ್ಪ ವಾಪಸ್ 5 ಇಟ್ಟು ಉದ್ದ 30 ಕೊಟ್ಟರೆ ಎರಡು ತೂತೂ ಒಂದೇ ಜಾಗಕ್ಕೆ ಬಂದು ಒಂದೇ ತೂತು ಕಾಣಿಸಿತು. 35 ಕೊಟ್ಟರೆ ಒಂದರೊಳಗೊಂದು ಸೇರಿಕೊಂಡು ಉದ್ದನೆಯ ಸೀಳು. 40ಕ್ಕೆ ತೂತುಗಳು ಬೇರೆಯಾದವು, ಆದರೆ ಸೆಂಟರ್‌ಗಳ ನಡುವೆ 10 ಮಾತ್ರ, ಎರಡು ವಾಷರ್ ಒಂದಕ್ಕೊಂದು ತಾಗುತ್ತವೆ. ಆದ್ದರಿಂದ ಈ ಬ್ರಾಕೆಟ್ ಅನ್ನು 45ಕ್ಕಿಂತ ಚಿಕ್ಕದು ಮಾಡಬೇಕಾದರೆ ಒಂದೇ ತೂತು ಇಡೋದು ಅಂತ ತೀರ್ಮಾನ ಮಾಡಿ ಫೈಲ್‌ನಲ್ಲೇ ಬರೆದಿಟ್ಟಿದ್ದೇನೆ. ಈಗ 5.2ರಿಂದ 5.8ರ ತೂತಿನ ಪಟ್ಟಿ ಪ್ರಿಂಟ್‌ಗೆ ಹಾಕಿದ್ದೇನೆ, ಬೋಲ್ಟ್ ಯಾವುದಕ್ಕೆ ಸಲೀಸಾಗಿ ಇಳಿಯಿತು ಅಂತ ನಾಳೆ ಇಲ್ಲೇ ಬರೆಯುತ್ತೇನೆ.